ನೀರುಗಂಟಿಯ ವಿವೇಕ

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ದೊಡ್ಡದೊಂದು ಕೆರೆ ಕಟ್ಟಿಸಿ ಆ ಶಾಸನವನ್ನು ಹಾಕಿಸಿದ. ದಾನ ಕೊಟ್ಟವನನ್ನು ಹೊಗಳಿ ಮುಗಿಸುವ ಸಾಮಾನ್ಯ ಶಾಸನ ಅದಲ್ಲ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯನ್ನು ಕೆಡಿಸುವ 6 ದೋಷಗಳನ್ನೂ ಅದು ಒಂದೊಂದಾಗಿ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಬೀಳುವುದು, ಕೆರೆಯ ನಡುವೆ ಆಮೆಯ ಬೆನ್ನಿನಂಥ ದಿಬ್ಬ ಇರುವುದು, ಇವು ಮೊದಲ ನಾಲ್ಕು ದೋಷಗಳು. ಉಳಿದೆರಡು ಒಂದಕ್ಕೊಂದು ಎದುರುಬದುರಾಗಿವೆ. ನೀರು ಕಡಿಮೆ ಇದ್ದು ಉಣಿಸಬೇಕಾದ ನೆಲ ಹೆಚ್ಚಾದರೆ ದೋಷ. ನೀರು ಹೆಚ್ಚಿದ್ದು ನೆಲ ಕಡಿಮೆಯಾದರೂ ದೋಷ. ಹಾಗಾದರೆ ಎಷ್ಟು ನೀರಿಗೆ ಎಷ್ಟು ನೆಲ ಸರಿ? ಶಾಸನ ಅದನ್ನು ಹೇಳುವುದಿಲ್ಲ. ಎರಡು ಅತಿಗಳನ್ನು ಗುರುತು ಮಾಡಿ ನಡುವಿನ ಜಾಗವನ್ನು ಬಿಟ್ಟುಕೊಡುತ್ತದೆ. ಆ ಜಾಗದಲ್ಲಿ ಕೆಲಸ ಮಾಡಬೇಕಾದದ್ದು ಮನುಷ್ಯನ ವಿವೇಕ. ಈ ಮಾತು ಹಳೆಯ ಮೈಸೂರಿನ ಕೆರೆಗಳಿಗೂ ಸಲ್ಲುತ್ತದೆ. ಅವುಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ರಾಜರ ಔದಾರ್ಯದ ಕಥೆಯಾಗಿ, ಇಲ್ಲವೇ ಕಲ್ಲು ಮಣ್ಣಿನ ತಂತ್ರದ ಕಥೆಯಾಗಿ ಓದುತ್ತೇವೆ. ಅದು ಅಷ್ಟೇ ಮಟ್ಟಿಗೆ ತೀರ್ಮಾನಗಳ ಚರಿತ್ರೆಯೂ ಹೌದು. ವಿವೇಕವೆನ್ನುವುದು ಯಾರೋ ಒಬ್ಬರಿಗೆ ಹುಟ್ಟಿನಿಂದ ಬಂದ ವರವಲ್ಲ, ಒಂದು ಊರು ವ್ಯವಸ್ಥೆ ಮಾಡಿಕೊಂಡು ಬೆಳೆಸಬೇಕಾದ ಮತ್ತು ಕಾಪಾಡದಿದ್ದರೆ ಕಳೆದುಕೊಳ್ಳುವ ಆಸ್ತಿ ಎಂಬುದಕ್ಕೆ ಈ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಬಯಲುಸೀಮೆಯಲ್ಲಿ ಕೆರೆ ಯಾರ ಶೋಕಿಗೂ ಹುಟ್ಟಿದ್ದಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಬಂದರೆ ಒಂದೇ ವಾರದಲ್ಲಿ ಸುರಿದು ಹೋಗುತ್ತದೆ, ಬಾರದಿದ್ದರೆ ತಿಂಗಳುಗಟ್ಟಲೆ ಬರುವುದಿಲ್ಲ. ಸುರಿದದ್ದನ್ನು ತಡೆದು ನಿಲ್ಲಿಸಿಕೊಳ್ಳದೆ ಇಲ್ಲಿ ಭತ್ತದ ಮಾತೇ ಇಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಹೆಸರಿನ ಶಾಸನ ಕೆರೆಯ ಕೆಲಸವನ್ನು ಹೇಳುತ್ತದೆ. ತಾಳಗುಂದದ ಕಂಬದ ಶಾಸನ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಂದರೆ ಸಾವಿರದೈನೂರು ವರ್ಷಗಳಿಗೂ ಹಿಂದೆಯೇ ಈ ಕೆಲಸ ನಡೆದಿತ್ತು. ಅಲ್ಲಿಂದ ಗಂಗರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು, ಪಾಳೆಯಗಾರರು, ಹೆಸರಿಲ್ಲದ ಗೌಡರು, ವರ್ತಕರು, ದೇವದಾಸಿಯರು ಕಟ್ಟಿಸುತ್ತಲೇ ಬಂದರು. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ ಬರೆದ ವರದಿಯ ಪ್ರಕಾರ ಸಂಸ್ಥಾನದ ನೆಲದಲ್ಲಿ ಸುಮಾರು ಶೇ. 60ರಷ್ಟು ಭಾಗ ಆಗಲೇ ಕೆರೆಗಳ ಜಾಲಕ್ಕೆ ಸೇರಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಸಿಕ್ಕರೂ ಅದು ಕೆಳಗಿನ ಇನ್ನೊಂದು ಕೆರೆಯ ನೀರನ್ನು ಕಸಿಯುತ್ತದೆ, ಹಳೆಯ ಹಕ್ಕುಗಳಿಗೆ ಧಕ್ಕೆ ತರುತ್ತದೆ ಎಂದು ಅವರು ಕಂಡುಕೊಂಡರು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಅದರ ಕೋಡಿ ಅದರ ಮುಂದಿನದಕ್ಕೆ ಹರಿಯುವ ಈ ಸರಣಿಯಲ್ಲಿ ಮೇಲಿನ ಊರಿನವರು ಮಾಡುವ ಪ್ರತಿ ತೀರ್ಮಾನವೂ ಕೆಳಗಿನ ಊರಿನ ಅನ್ನವನ್ನು ಮುಟ್ಟುತ್ತದೆ. ಎಲ್ಲಿ ಕಟ್ಟಬೇಕು ಎಂದು ತಿಳಿದಷ್ಟೇ ಮುಖ್ಯ ಎಲ್ಲಿ ಕಟ್ಟಬಾರದು ಎಂದು ತಿಳಿಯುವುದು. ಆ ಸರಣಿ ಶತಮಾನಗಳ ಕಾಲ ಉಳಿದು ಬಂದದ್ದೇ ಈ ಅರಿವು ಇತ್ತೆನ್ನುವುದಕ್ಕೆ ರುಜುವಾತು.

ಪೋರುಮಾಮಿಳ್ಳದ 12 ಅಂಗಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಧರ್ಮಬುದ್ಧಿಯ, ಸಂಪತ್ತುಳ್ಳ ರಾಜ ಬೇಕು. ಜಲಶಾಸ್ತ್ರ ಬಲ್ಲ ವಿದ್ವಾಂಸ ಬೇಕು. ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಎರಡು ಬದಿಗೆ ತಾಗುವ ಗುಡ್ಡ, ಅವುಗಳ ನಡುವೆ ತೀರ ಉದ್ದವಲ್ಲದ ಕಲ್ಲುಕಟ್ಟಡದ ಗಟ್ಟಿ ಏರಿ, ವಿಶಾಲವೂ ಆಳವೂ ಆದ ಒಡಲು, ಹತ್ತಿರದಲ್ಲೇ ಉದ್ದನೆಯ ನೇರ ಕಲ್ಲು ಸಿಗುವ ಗಣಿ, ಕೆಳಗೆ ಸಮತಟ್ಟಾದ ಫಲವತ್ತಾದ ಬಯಲು, ಕೊನೆಗೆ ಕಟ್ಟುವ ಕೈಗಳ ಒಂದು ತಂಡ ಬೇಕು. ದಿನಕ್ಕೆ ಸಾವಿರ ಜನ ಎರಡು ವರ್ಷ ದುಡಿದರು, ಕಲ್ಲು ಸಾಗಿಸಲು ನೂರು ಗಾಡಿಗಳಿದ್ದವು ಎಂದೂ ಅದು ಬರೆದಿಟ್ಟಿದೆ. ಈ ಪಟ್ಟಿಯಲ್ಲಿ ಒಂದೊಂದೂ ಒಳ್ಳೆಯದೇ. ಆದರೆ ಎಲ್ಲವೂ ಒಂದೇ ಜಾಗದಲ್ಲಿ ಕೂಡಿ ಬರುವುದು ಅಪರೂಪ. ಗುಡ್ಡ ಸರಿಯಿದ್ದರೆ ಮಣ್ಣು ಮರಳು. ಮಣ್ಣು ಸರಿಯಿದ್ದರೆ ಬಯಲು ಏರುತಗ್ಗು. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲೇಬಾರದು ಎನ್ನುವುದು ಪಟ್ಟಿಯಲ್ಲಿ ಇಲ್ಲ, ಪಟ್ಟಿ ಹಿಡಿದು ನೆಲದ ಮೇಲೆ ನಿಂತವನ ತಲೆಯಲ್ಲಿ ಇರಬೇಕು. ಕೋಡಿಯ ಎತ್ತರವನ್ನೇ ತೆಗೆದುಕೊಳ್ಳಿ. ಒಂದು ಮೊಳ ತಗ್ಗಿಸಿದರೆ ಬೇಸಗೆಗೆ ಬೇಕಾದ ನೀರು ಹರಿದು ಹೋಗುತ್ತದೆ. ಒಂದು ಮೊಳ ಏರಿಸಿದರೆ ಹಿನ್ನೀರಿನಲ್ಲಿ ಮೇಲಿನ ಊರಿನ ಹೊಲ ಮುಳುಗುತ್ತದೆ, ಜಡಿಮಳೆಯ ರಾತ್ರಿ ಏರಿಯೇ ಒಡೆಯುತ್ತದೆ. ಇಂಥ ಕೆಲಸ ಬಲ್ಲವರಿಗೆ ಆ ಕಾಲ ದೊಡ್ಡ ಗೌರವ ಕೊಟ್ಟಿತ್ತು. ಹೆನ್ನೆಯ ನದಿಯಿಂದ, ಅಂದರೆ ಉತ್ತರ ಪಿನಾಕಿನಿಯಿಂದ ಪೆನುಕೊಂಡೆಗೆ ನೀರು ತರಲು ಕಾಲುವೆ ಕಡಿಸಿದ ಜಲಸೂತ್ರದ ಸಿಂಗಾಯಭಟ್ಟನ ಹೆಸರನ್ನು ಗೌರಿಬಿದನೂರು ಸೀಮೆಯ 1388ರ ಶಾಸನ ಬಿರುದಿನೊಂದಿಗೆ ದಾಖಲಿಸಿದೆ.

ಆದರೆ ಕೆರೆ ಕಟ್ಟುವುದು ಒಂದು ಸಲದ ಕೆಲಸ, ನೀರು ಹಂಚುವುದು ದಿನದಿನದ ಕೆಲಸ. ಮೊದಲನೆಯದಕ್ಕೆ ಶಾಸನಗಳಿವೆ, ಎರಡನೆಯದಕ್ಕೆ ಶಾಸನಗಳು ಅಪರೂಪ. ಅದನ್ನು ಮಾಡುತ್ತಿದ್ದವನು ನೀರುಗಂಟಿ. ಬೆಳೆಯಲ್ಲಿ ಪಾಲು ಪಡೆದು ಊರಿನ ಕೆಲಸ ಮಾಡುತ್ತಿದ್ದ ಹಳ್ಳಿಯ 12 ಆಯಗಾರರಲ್ಲಿ ಗೌಡ, ಶಾನುಭೋಗ, ಬಡಗಿ, ಕಮ್ಮಾರ, ಅಗಸ ಮುಂತಾದವರ ಜೊತೆ ಅವನೂ ಒಬ್ಬ. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹಳ್ಳಿಯ ಆಯಗಾರರನ್ನು ಎಣಿಸುವಾಗ ನೀರು ಹಂಚುವ ಇವನನ್ನೂ ಎಣಿಸಿದ್ದಾನೆ. ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯಲ್ಲಿ ಬೆಳೆದ ಜೊಂಡು ಕಿತ್ತುಹಾಕುವುದು, ಮಳೆಗಾಲದಲ್ಲಿ ಏರಿಯ ಮೇಲೆ ಕಾವಲು ತಿರುಗುವುದು, ಕೋಡಿ ಬಿದ್ದರೆ ಊರಿಗೆ ಸುದ್ದಿ ಮುಟ್ಟಿಸುವುದು ಅವನ ಹೊಣೆ. ಇವೆಲ್ಲಕ್ಕಿಂತ ದೊಡ್ಡ ಹೊಣೆ ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ನೀರು ಹಾಯಿಸುವುದು. ಕಟ್ಟುನಿಟ್ಟಾಗಿ ನಡೆಯುತ್ತಿದ್ದ ಊರುಗಳಲ್ಲಿ ಗದ್ದೆಯ ಒಡೆಯ ತಾನೇ ಮಡೆ ಒಡೆದು ನೀರು ತಿರುಗಿಸಿಕೊಳ್ಳುವ ಹಾಗಿರಲಿಲ್ಲ. ನೀರು ಮುಟ್ಟುವ ಅಧಿಕಾರ ನೀರುಗಂಟಿಯದು. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಆಯ ಸಲ್ಲುತ್ತಿತ್ತು, ಜೊತೆಗೆ ಹಲವು ಕಡೆ ಒಂದು ತುಂಡು ಇನಾಂ ಭೂಮಿಯೂ ಇರುತ್ತಿತ್ತು.

ಮಳೆ ಸಮೃದ್ಧವಾದ ವರ್ಷ ಅವನ ಕೆಲಸದಲ್ಲಿ ದೊಡ್ಡ ಪರೀಕ್ಷೆಯೇನೂ ಇಲ್ಲ. ಅವನ ಬೆಲೆ ತಿಳಿಯಬೇಕಾದರೆ ಕೆರೆ ಅರ್ಧ ಮಾತ್ರ ತುಂಬಿದ ವರ್ಷವನ್ನು ನೋಡಬೇಕು. ತೂಬಿನ ಕಲ್ಲುಕಂಬಗಳ ನಡುವೆ ಅಡ್ಡಹಾಸುಗಳಿರುತ್ತವೆ. ನೀರು ಯಾವ ಹಾಸಿನವರೆಗೆ ನಿಂತಿದೆ ಎಂದು ನೋಡಿ, ಅದು ಎಷ್ಟು ದಿನ ಬಂದೀತು, ಎಷ್ಟು ನೆಲಕ್ಕೆ ಸಾಕಾದೀತು ಎಂದು ಅವನು ಹೇಳಬೇಕು. ಊರ ಹಿರಿಯರು ಅದರ ಮೇಲೆ ಭತ್ತ ಇಡುವುದೋ, ಅರೆನೀರಾವರಿಯ ರಾಗಿಗೆ ಇಳಿಯುವುದೋ, ಅಥವಾ ಅಚ್ಚುಕಟ್ಟಿನ ಒಂದು ಭಾಗವನ್ನು ಬೀಳು ಬಿಡುವುದೋ ಎಂದು ನಿಶ್ಚಯಿಸುತ್ತಿದ್ದರು. ಬೀಳು ಬಿಡುವುದಾದರೆ ಯಾರ ಗದ್ದೆ? ಇದಕ್ಕೆ ಹಲವು ಊರುಗಳಲ್ಲಿ ದಾಮಾಶಾ ಎಂಬ ಪದ್ಧತಿ ಇತ್ತು. ನೀರು ಅರ್ಧಕ್ಕೆ ಮಾತ್ರ ಸಾಕಾದರೆ ತೂಬಿಗೆ ಹತ್ತಿರದ ಅರ್ಧ ಬಯಲನ್ನು ಮಾತ್ರ ಆ ವರ್ಷ ಉಳುವುದು. ಆದರೆ ಆ ನೆಲದಲ್ಲಿ ಕೊನೆಯ ಗದ್ದೆಯವನಿಗೂ ಅವನ ಹಿಡುವಳಿಯ ಪ್ರಮಾಣಕ್ಕೆ ತಕ್ಕ ಪಾಲು ಕೊಡುವುದು. ಹತ್ತಿರದ ಗದ್ದೆಯವನು ತನ್ನ ನೆಲದಲ್ಲಿ ಬೇರೆಯವರಿಗೆ ಜಾಗ ಬಿಡಬೇಕು. ನೀರು ದೂರ ಹರಿದು ಕಾಲುವೆಯಲ್ಲೇ ಇಂಗಿ ಹೋಗುವ ನಷ್ಟ ತಪ್ಪುತ್ತದೆ, ಬರದ ಹೊರೆ ಒಬ್ಬನ ಮೇಲೇ ಬೀಳುವುದೂ ತಪ್ಪುತ್ತದೆ. ಇಷ್ಟು ನ್ಯಾಯವಾದ, ಇಷ್ಟು ಲೆಕ್ಕಾಚಾರದ ನಿಯಮ ಇದ್ದ ಮೇಲೂ ನೀರುಗಂಟಿಯ ತೀರ್ಮಾನಕ್ಕೆ ಕೆಲಸ ಮುಗಿಯುವುದಿಲ್ಲ. ಮರಳುಮಿಶ್ರಿತ ಗದ್ದೆ ಎರಡು ದಿನಕ್ಕೆ ಬಾಯಿಬಿಡುತ್ತದೆ, ಜೇಡಿಯ ಗದ್ದೆ ವಾರ ತಾಳುತ್ತದೆ. ಹೊಡೆ ಕಟ್ಟಿದ ಭತ್ತಕ್ಕೆ ಒಂದು ನೀರು ತಪ್ಪಿದರೆ ತೆನೆ ಜೊಳ್ಳಾಗುತ್ತದೆ, ಆಗತಾನೇ ಕಳೆ ಕಿತ್ತ ಪೈರು ಕಾಯಬಲ್ಲದು. ಒಬ್ಬನ ಬದುವಿನಲ್ಲಿ ಏಡಿ ಕೊರೆದ ಬಿಲದಿಂದ ನೀರು ಸೋರುತ್ತಿದ್ದರೆ ಅವನಿಗೆ ಹೆಚ್ಚು ನೀರು ಕೊಡುವುದು ಪರಿಹಾರವಲ್ಲ, ಬದು ಕಟ್ಟಿಸುವುದು ಪರಿಹಾರ. ಮೂಡಲಲ್ಲಿ ಮೋಡ ಕಟ್ಟಿದೆ, ಇವತ್ತು ತೂಬು ತೆಗೆಯದೆ ನಾಳೆವರೆಗೆ ಕಾಯೋಣವೇ? ಕಾದು ಮಳೆ ಬಾರದಿದ್ದರೆ? ಪಾಲಿನ ನಿಯಮ ಪ್ರಮಾಣವನ್ನು ಹೇಳುತ್ತದೆ. ಯಾವ ಹೊತ್ತಿಗೆ, ಯಾರಿಗೆ ಮೊದಲು, ಎಷ್ಟರ ಮಟ್ಟಿಗೆ ಎಂಬುದನ್ನು ಪೈರು ಮತ್ತು ಆಕಾಶ ನೋಡಿದ ಕಣ್ಣು ಹೇಳಬೇಕು.

ಆ ಕಣ್ಣು ಹೇಗೆ ತಯಾರಾಯಿತು ಎನ್ನುವುದು ಇಲ್ಲಿಯ ಮುಖ್ಯ ಪ್ರಶ್ನೆ. ನೀರುಗಂಟಿ ಪಾಠಶಾಲೆಯಲ್ಲಿ ಕಲಿತವನಲ್ಲ; ಅವನಿಗೆ ದಿವ್ಯದೃಷ್ಟಿಯೂ ಇರಲಿಲ್ಲ. ಮೂರು ಸಂಗತಿಗಳು ಅವನ ತೀರ್ಮಾನವನ್ನು ಗಟ್ಟಿ ಮಾಡಿದವು. ಮೊದಲನೆಯದು, ಒಂದೇ ಕೆರೆ, ಒಂದೇ ಬಯಲಿನ ಜೊತೆ ಬಹುಕಾಲದ ಒಡನಾಟ. ಯಾವ ಗದ್ದೆ ಎಷ್ಟು ಕುಡಿಯುತ್ತದೆ, ಏರಿಯ ಯಾವ ಭಾಗ ಎಷ್ಟು ನೀರು ನಿಂತಾಗ ಜಿನುಗತೊಡಗುತ್ತದೆ ಎಂಬುದು ಅವನಿಗೆ ಹತ್ತಾರು ಮಳೆಗಾಲಗಳಿಂದ ಗೊತ್ತು. ಎರಡನೆಯದು, ಫಲದಲ್ಲಿ ಪಾಲು. ಅವನ ಆಯ ಕಣದಲ್ಲಿ ಸಿಗಬೇಕಾದದ್ದರಿಂದ ಬೆಳೆ ಕೆಟ್ಟರೆ ಅವನ ಹೊಟ್ಟೆಯ ಮೇಲೂ ಬರೆ. ಒಂದು ಗದ್ದೆಯವನಿಗೆ ಒಲಿದು ಹತ್ತು ಗದ್ದೆ ಒಣಗಿಸಿದರೆ ಅವನಿಗೇ ನಷ್ಟ. ಮೂರನೆಯದು, ಬಯಲಿನ ಬೆಳಕು. ಅವನ ಪ್ರತಿ ತೀರ್ಮಾನವೂ ಮಾರನೆಯ ಬೆಳಿಗ್ಗೆ ಗದ್ದೆಯಲ್ಲಿ ಎಲ್ಲರಿಗೂ ಕಾಣುತ್ತದೆ, ತಪ್ಪಿದ್ದರೆ ಊರಮುಂದೆ ಕೇಳುವವರಿದ್ದಾರೆ. ತಿಳಿವಳಿಕೆ, ಹೊಣೆ, ಬಯಲಾಗುವಿಕೆ ಈ ಮೂರೂ ಒಬ್ಬನಲ್ಲೇ ಕೂಡಿದಾಗ ವಿವೇಕ ಬೆಳೆಯುತ್ತದೆ. ಮೂರರಲ್ಲಿ ಒಂದನ್ನು ಕಿತ್ತರೂ ಅದು ಬೇರೇನೋ ಆಗುತ್ತದೆ: ಹೊಣೆಯಿಲ್ಲದ ತಿಳಿವಳಿಕೆ ಬರಿಯ ಸಲಹೆಯಾಗುತ್ತದೆ, ತಿಳಿವಳಿಕೆಯಿಲ್ಲದ ಹೊಣೆ ಭಯವಾಗುತ್ತದೆ, ಯಾರಿಗೂ ಕಾಣದ ಅಧಿಕಾರ ಲಂಚಕ್ಕೆ ದಾರಿಯಾಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಆಡಳಿತ ಬಲ್ಲವರಿಂದ ಬರುತ್ತದೆ. ಒಬ್ಬ ಮನುಷ್ಯನ ಅಂದಾಜಿನ ಮೇಲೆ ಊರಿನ ಅನ್ನವನ್ನು ಬಿಡುವುದು ಅಪಾಯ. ಅಳತೆ, ವೇಳಾಪಟ್ಟಿ, ಲಿಖಿತ ನಿಯಮ ಇವೇ ಪಕ್ಷಪಾತಕ್ಕೆ ಮದ್ದು ಎನ್ನುತ್ತಾರೆ ಅವರು. ಈ ಮಾತಿನಲ್ಲಿ ತೂಕವಿದೆ. ನಿಯಮವೇ ಇಲ್ಲದ ಕಡೆ ವಿವೇಕದ ಹೆಸರಿನಲ್ಲಿ ದಬ್ಬಾಳಿಕೆ ನಡೆಯುತ್ತದೆ. ಆದರೆ ಹಳೆಯ ಪದ್ಧತಿ ನಿಯಮವನ್ನು ಕೈಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಯಾರ ಪಾಲು ಎಷ್ಟು ಎಂಬುದು ನೀರುಗಂಟಿಯ ಮರ್ಜಿಗೆ ಬಿಟ್ಟ ವಿಷಯವೇ ಆಗಿರಲಿಲ್ಲ. ದಾಮಾಶಾ ಅದನ್ನು ಮೊದಲೇ ಕಟ್ಟಿಹಾಕಿತ್ತು. ಜಗಳ ಹುಟ್ಟುವ ವಿಷಯಗಳನ್ನು ನಿಯಮಕ್ಕೆ ಒಪ್ಪಿಸಿ, ದಿನದಿನಕ್ಕೆ ಬದಲಾಗುವ ವಿಷಯಗಳನ್ನು ತಿಳಿದವನ ಕೈಗೆ ಒಪ್ಪಿಸಿದ್ದು ಆ ವ್ಯವಸ್ಥೆಯ ಜಾಣತನ. ಎಲ್ಲವನ್ನೂ ವೇಳಾಪಟ್ಟಿಗೆ ಒಪ್ಪಿಸಿದರೆ ಮಳೆ ಬಂದ ದಿನವೂ ತೂಬು ತೆರೆದೇ ಇರುತ್ತದೆ, ತೆನೆ ಬಿರಿಯುವ ದಿನ ಸರದಿ ಬಂದಿಲ್ಲವೆಂದು ಮುಚ್ಚಿರುತ್ತದೆ. ನಿಯಮವೂ ವಿವೇಕವೂ ಒಂದರ ಜಾಗ ಇನ್ನೊಂದು ಕಸಿಯದಂತೆ ಗಡಿ ಹಾಕಿಕೊಳ್ಳುವುದೇ ಮೊದಲ ವಿವೇಕ.

ಎರಡನೆಯ ಆಕ್ಷೇಪ ಚರಿತ್ರೆಯದು. ಹಳಬರು ಅಷ್ಟು ಬಲ್ಲವರಾಗಿದ್ದರೆ ಅಷ್ಟೊಂದು ಕೆರೆಗಳು ಒಡೆದದ್ದೇಕೆ, ಹೂಳು ತುಂಬಿದ್ದೇಕೆ? ಇದಕ್ಕೆ ಕಟುವಾದ ಸಾಕ್ಷಿಗಳಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆ ಕೆರೆ ಎರಡು ಮೂರು ಸಲ ಒಡೆದಾಗ ದೇವರು ಬಲಿ ಕೇಳುತ್ತಿದ್ದಾನೆಂಬ ಸಲಹೆ ಬಂತು, 60 ಜನರ ತಲೆ ಕಡಿಸಲಾಯಿತು ಎಂದೂ ಬರೆದಿದ್ದಾನೆ. ನಮ್ಮ ಜನಪದ ಗೀತೆ 'ಕೆರೆಗೆ ಹಾರ'ದಲ್ಲಿ ತೋಡಿದ ಕೆರೆಗೆ ಹನಿ ನೀರೂ ಬಾರದಾಗ ಹೊತ್ತಿಗೆಯ ಮಾತು ಕೇಳಿ ಗೌಡರ ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಜಾಗದ ಆಯ್ಕೆಯಲ್ಲಿ, ಏರಿಯ ಕಟ್ಟಡದಲ್ಲಿ ತಪ್ಪಿದ ತೀರ್ಮಾನಕ್ಕೆ ಬೆಲೆ ತೆತ್ತದ್ದು ತೀರ್ಮಾನ ಮಾಡಿದವರಲ್ಲ. ಸೆರೆಯಲ್ಲಿದ್ದವರು, ಕೂಲಿಗಳು, ಬಾಯಿಲ್ಲದ ಸೊಸೆಯಂದಿರು. ಈ ಸಾಕ್ಷಿ ನನ್ನ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ರಾಜನ ಬೊಕ್ಕಸ, ಸಾವಿರಾರು ಆಳುಗಳು, ಹೊತ್ತಿಗೆಯ ಆಧಾರ ಎಲ್ಲವೂ ಇದ್ದು, ಒಡೆದ ಏರಿಯನ್ನು ನೋಡಿ ಕಾರಣ ಹುಡುಕುವ ವಿವೇಕ ಇಲ್ಲದಿದ್ದರೆ ಆಗುವುದು ಅನಾಹುತವೇ. ಅದೇ ವಿಜಯನಗರದ ಕಾಲದ ಪೋರುಮಾಮಿಳ್ಳದ ಶಾಸನ ಬೇರೆ ದಾರಿ ಹಿಡಿದಿತ್ತು. 6 ದೋಷಗಳ ಆ ಪಟ್ಟಿ ಹಿಂದೆ ಒಡೆದ, ಒಣಗಿದ, ಉಪ್ಪಾದ ಕೆರೆಗಳಿಂದ ಕಲಿತ ಪಾಠವಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಎಂದೂ ತಪ್ಪದಿರುವುದು ವಿವೇಕದ ಲಕ್ಷಣವಲ್ಲ. ತಪ್ಪಿನ ಕಾರಣವನ್ನು ನೆಲದಲ್ಲಿ ಹುಡುಕಿ ಮುಂದಿನವರಿಗೆ ಬರೆದಿಡುವುದು ಅದರ ಲಕ್ಷಣ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು, ಅದನ್ನು ಜಾರಿಸಿ ಮುಂದೆ ಹೋಗುವಂತಿಲ್ಲ. ಬಹಳಷ್ಟು ಊರುಗಳಲ್ಲಿ ನೀರುಗಂಟಿ ದಲಿತ ಕುಟುಂಬದವನು. ಊರಿನ ಪ್ರತಿ ಗದ್ದೆಗೂ ಅವನ ಕೈಯಿಂದ ನೀರು ಹರಿಯಬೇಕಿತ್ತು, ಆದರೆ ಆ ಊರಿನ ಬಾವಿಯ ನೀರನ್ನು ಅವನು ಮುಟ್ಟುವಂತಿರಲಿಲ್ಲ. ಕೆಲಸ ವಂಶಪಾರಂಪರ್ಯವಾಗಿತ್ತು, ಅಂದರೆ ಮಗನಿಗೆ ಬೇಡವೆನ್ನುವ ಸ್ವಾತಂತ್ರ್ಯ ಇರಲಿಲ್ಲ. ಕೆರೆ ಕಟ್ಟಿಸಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ಶಾಸನಗಳು ನೂರಾರಿವೆ. ಶತಮಾನಗಟ್ಟಲೆ ಆ ನೀರನ್ನು ಹಂಚಿದವರ ಹೆಸರು ಹೇಳುವ ಕಲ್ಲು ಹುಡುಕಿದರೂ ಸಿಗುವುದು ದುರ್ಲಭ. ಹೀಗಿರುವಾಗ ಈ ಪದ್ಧತಿಯನ್ನು ಹೊಗಳುವುದು ಶೋಷಣೆಯನ್ನು ಹೊಗಳಿದಂತೆ ಅಲ್ಲವೇ? ಹಳೆಯ ಹಳ್ಳಿಯನ್ನು ಸ್ವರ್ಗವೆಂದು ಬಣ್ಣಿಸುವವರಿಗೆ ಈ ಪ್ರಶ್ನೆ ತಕ್ಕ ಉತ್ತರ. ಬಲಾಢ್ಯ ಗೌಡನ ಗದ್ದೆಗೆ ನೀರು ನಿಲ್ಲಿಸುವ ಧೈರ್ಯ ಎಲ್ಲ ಊರಿನ ನೀರುಗಂಟಿಗೂ ಇದ್ದಿರಲು ಸಾಧ್ಯವಿಲ್ಲ ಎಂಬುದನ್ನೂ ಒಪ್ಪಬೇಕು. ಅಧಿಕಾರದ ಏರುಪೇರು ಮಿತಿಮೀರಿದಲ್ಲಿ ತಿಳಿದವನ ಮಾತು ನಡೆಯುವುದಿಲ್ಲ. ವಿವೇಕಕ್ಕೆ ಅಭಯ ಬೇಕು, ಅಭಯಕ್ಕೆ ಸಮಾನತೆ ಬೇಕು. ಆದರೂ ಇದರಿಂದ ಹೊರಡುವ ತೀರ್ಮಾನ ಏನು ಎಂದು ಎಚ್ಚರದಿಂದ ಯೋಚಿಸಬೇಕು. ಅನ್ಯಾಯ ಇದ್ದದ್ದು ನೀರುಗಂಟಿಯ ತಿಳಿವಳಿಕೆಯಲ್ಲಲ್ಲ, ಅದಕ್ಕೆ ಊರು ಕೊಟ್ಟ ಸ್ಥಾನದಲ್ಲಿ. ತನ್ನ ಬದುಕಿನ ಅತ್ಯಂತ ಸೂಕ್ಷ್ಮವಾದ ತೀರ್ಮಾನವನ್ನು ಊರು ಯಾರ ಕೈಗೆ ಕೊಟ್ಟಿತೋ ಅವರನ್ನೇ ಊರ ಹೊರಗೆ ಇಟ್ಟಿತು. ಅವರ ಜಾಣ್ಮೆಯನ್ನು ಬಳಸಿಕೊಂಡು ಅದನ್ನು ಜಾಣ್ಮೆಯೆಂದು ಕರೆಯಲು ಒಪ್ಪಲಿಲ್ಲ, ಚಾಕರಿ ಎಂದು ಕರೆಯಿತು. ಆ ಚರಿತ್ರೆಗೆ ಸಲ್ಲಬೇಕಾದ ನ್ಯಾಯವೆಂದರೆ ಅವರ ಕೆಲಸವನ್ನು ಪಾಂಡಿತ್ಯವೆಂದು ಗುರುತಿಸಿ ಸಿಂಗಾಯಭಟ್ಟನ ಸಾಲಿನಲ್ಲೇ ಕೂರಿಸುವುದು. ಅವರ ಕೆಲಸವನ್ನೂ ಅವರೊಂದಿಗೇ ಮರೆತುಬಿಡುವುದು ನ್ಯಾಯವಲ್ಲ, ಇನ್ನೊಂದು ಅನ್ಯಾಯ.

ನಡೆದದ್ದು ಮಾತ್ರ ಆ ಎರಡನೆಯ ಅನ್ಯಾಯವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆರೆಗಳು ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಗಳ ಲೆಕ್ಕಕ್ಕೆ ಸೇರಿದವು. ದುರಸ್ತಿಯ ತೀರ್ಮಾನ ಊರಿನಿಂದ ಕಚೇರಿಗೆ ಹೋಯಿತು, ಕಡತ ತಿರುಗಿ ಬರುವುದರೊಳಗೆ ಮಳೆಗಾಲ ಮುಗಿಯುತ್ತಿತ್ತು. ಜನರ ಕೈ ಇಲ್ಲದೆ ಕೆರೆ ಉಳಿಯುವುದಿಲ್ಲವೆಂದು ಮನಗಂಡು ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯ್ತಿಗಳ ಕಾಯಿದೆಯನ್ನೇ ತಂದಿತು. ಊರೊಟ್ಟಿನ ಕೆಲಸವನ್ನು ಕಾಯಿದೆಯಿಂದ ಮರಳಿ ಹುಟ್ಟಿಸುವುದು ಅಷ್ಟು ಸುಲಭವಾಗಲಿಲ್ಲ. ಸ್ವಾತಂತ್ರ್ಯದ ನಂತರ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರುಗಂಟಿಯರ ವಂಶಪಾರಂಪರ್ಯದ ಹುದ್ದೆಗಳನ್ನೂ ತೆಗೆದುಹಾಕಿತು. ಹುಟ್ಟಿನಿಂದ ಅಂಟಿದ ಚಾಕರಿಯನ್ನು ಕಿತ್ತೊಗೆದದ್ದು ಸರಿಯಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ನೀರುಗಂಟಿಯ ಜಾಗಕ್ಕೆ ಆ ತೂಕದ ಹುದ್ದೆ ಬರಲಿಲ್ಲ. ಲೆಕ್ಕ ಬರೆಯುವುದು ರಾಜ್ಯಕ್ಕೆ ಬೇಕಾದ ವಿದ್ಯೆಯಾಗಿ ಕಂಡಿತು, ನೀರು ಹಂಚುವುದು ಯಾರು ಬೇಕಾದರೂ ಮಾಡಬಹುದಾದ ಕೂಲಿಯಾಗಿ ಕಂಡಿತು. ಇವತ್ತು 40 ಹೆಕ್ಟೇರ್ ಒಳಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರಿವೆ. ಎಲ್ಲ ಕೆರೆಗೂ ಒಂದು ಇಲಾಖೆ ಇದೆ, ತೂಬು ಇವತ್ತು ತೆರೆಯಬೇಕೋ ಬೇಡವೋ ಎಂದು ಹೇಳುವವರು ಮಾತ್ರ ಇಲ್ಲ.

ಈ ಕೊರತೆ ಕೆರೆಗಳನ್ನು ಉಳಿಸುವ ಒಳ್ಳೆಯ ಪ್ರಯತ್ನಗಳಲ್ಲೂ ಕಾಣುತ್ತದೆ. ಜಲಸಂವರ್ಧನೆ ಯೋಜನಾ ಸಂಘ ಹುಟ್ಟಿದ 2000ದಿಂದೀಚೆಗೆ, ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ಬಂದವು. ಸರ್ಕಾರ, ಮಠಗಳು, ಸಂಸ್ಥೆಗಳು, ಊರಿನ ಯುವಕರು ಸೇರಿ ಸಾವಿರಾರು ಕೆರೆಗಳ ಹೂಳೆತ್ತಿದ್ದಾರೆ. ಹೂಳೆತ್ತುವುದು ಆಗಬೇಕಾದ ಕೆಲಸವೇ. ಆದರೆ ಯಂತ್ರ ಇಳಿದ ಮೇಲೆ ಎಲ್ಲಿ ನಿಲ್ಲಿಸಬೇಕು ಎನ್ನುವುದು ಮತ್ತೆ ತೀರ್ಮಾನದ ಪ್ರಶ್ನೆ. ತಳದ ಜೇಡಿಯ ಪದರವನ್ನೇ ಕಿತ್ತು ಸಾಗಿಸಿದರೆ ನೀರು ನಿಲ್ಲುವುದಿಲ್ಲ. ಏರಿಯ ಬುಡದಲ್ಲಿ ತೋಡಿದರೆ ಏರಿ ಸಡಿಲವಾಗುತ್ತದೆ. ತೂಬಿನ ಮಟ್ಟಕ್ಕಿಂತ ಆಳಕ್ಕೆ ಹೋದರೆ ಆ ನೀರು ಗದ್ದೆಗೆ ಹರಿಯುವುದಿಲ್ಲ. ಘನಮೀಟರ್ ಲೆಕ್ಕದಲ್ಲಿ ಬಿಲ್ ಪಾವತಿಯಾಗುವ ಕೆಲಸದಲ್ಲಿ ಹೆಚ್ಚು ತೋಡಿದವನಿಗೆ ಹೆಚ್ಚು ಹಣ, ಸರಿಯಾಗಿ ನಿಲ್ಲಿಸಿದವನಿಗೆ ಏನೂ ಇಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅಂತರ್ಜಲ ಮರುಪೂರಣಕ್ಕೆಂದು ಬಂದ ನೀರು ಅದು, ಕೆರೆಯಿಂದ ನೇರವಾಗಿ ಎತ್ತಬಾರದೆಂಬ ಕಟ್ಟಳೆಯೂ ಇದೆ. ಬಣಗುಟ್ಟುತ್ತಿದ್ದ ಕೆರೆ ತುಂಬಿದ್ದನ್ನು ಕಂಡ ಜನರ ಸಂತೋಷ ನಿಜವಾದದ್ದು. ಅದರ ಗುಣಮಟ್ಟದ ಬಗ್ಗೆ ಎದ್ದಿರುವ ಆತಂಕವೂ ನಿಜವಾದದ್ದೇ. ಎರಡನ್ನೂ ತೂಗಿ, ತನ್ನ ಕೆರೆಯ ನೀರಿನ ಬಗ್ಗೆ ಮಾತನಾಡಬಲ್ಲ, ಅದನ್ನು ದಿನವೂ ನೋಡುವ ಒಬ್ಬ ಹೊಣೆಗಾರ ಪ್ರತಿ ಊರಿನಲ್ಲಿ ಇದ್ದಿದ್ದರೆ ಆ ಚರ್ಚೆಯ ಗುಣವೇ ಬೇರೆಯಾಗುತ್ತಿತ್ತು.

ಕಾಲ ಬದಲಾಗಿದೆ, ಕೊಳವೆಬಾವಿ ಬಂದ ಮೇಲೆ ಕೆರೆಯ ತೂಬಿಗೂ ನೀರುಗಂಟಿಗೂ ಏನು ಕೆಲಸ ಎಂದು ಕೇಳುವವರಿದ್ದಾರೆ. ಇದು ಕೊನೆಯ ಆಕ್ಷೇಪ. ಕೊಳವೆಬಾವಿ ರೈತನಿಗೆ ನಿಜವಾದ ಸ್ವಾತಂತ್ರ್ಯ ಕೊಟ್ಟಿತು. ಯಾರ ಸರದಿಗೂ ಕಾಯದೆ, ಯಾವ ಗೌಡನ ಮುಲಾಜೂ ಇಲ್ಲದೆ ಬೆಳೆ ತೆಗೆಯುವ ಅವಕಾಶ ಸಣ್ಣ ರೈತನಿಗೂ ಬಂತು. ಆದರೆ ಅದು ನೀರಿನ ಬಗ್ಗೆ ಒಟ್ಟಾಗಿ ತೀರ್ಮಾನಿಸುವ ಅಗತ್ಯವನ್ನು ಕಣ್ಣಿಂದ ಮರೆಮಾಡಿತೇ ಹೊರತು ಇಲ್ಲವಾಗಿಸಲಿಲ್ಲ. ಕೆರೆಯ ನೀರು ಇಳಿಯುವುದು ಎಲ್ಲರಿಗೂ ಕಾಣುತ್ತದೆ, ನೆಲದೊಳಗಿನ ನೀರು ಇಳಿಯುವುದು ಯಾರಿಗೂ ಕಾಣುವುದಿಲ್ಲ. ಎಲ್ಲರೂ ತಮ್ಮ ತಮ್ಮ ತೂಬನ್ನು ತಾವೇ ತೆರೆದಂತಾಯಿತು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿಯೂ ಒಣಗಿದ ಕೊಳವೆಬಾವಿಗಳು ಈ ಕಥೆಯ ಅಂತ್ಯ. ಪೋರುಮಾಮಿಳ್ಳದ ಐದನೆಯ ದೋಷ, ನೀರು ಕಡಿಮೆ ನೆಲ ಹೆಚ್ಚು ಎಂಬುದು, ಇವತ್ತು ಒಂದು ಕೆರೆಗಲ್ಲ, ಇಡೀ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಹಾಗಾಗಿ ಕೊಳವೆಬಾವಿ ನೀರುಗಂಟಿಯ ಅಗತ್ಯವನ್ನು ಕಳೆಯಲಿಲ್ಲ, ಅವನು ನೋಡಬೇಕಾದ ಕೆರೆಯನ್ನು ನೆಲದ ಕೆಳಗೆ ಸರಿಸಿತು.

ಹಳೆಯದನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಕೇಳಬಾರದು; ಜಾತಿಗೆ ಅಂಟಿದ ಚಾಕರಿ ಹೋದದ್ದು ಹೋಗಿಯೇ ಇರಲಿ. ಆದರೆ ಆ ಕೆಲಸದ ಹಿಂದಿದ್ದ ಮೂರು ತತ್ವಗಳನ್ನು, ಅಂದರೆ ನೆಲದ ಒಡನಾಟ, ಫಲದಲ್ಲಿ ಪಾಲು, ಎಲ್ಲರೆದುರು ಉತ್ತರ ಹೇಳುವ ಹೊಣೆ ಇವುಗಳನ್ನು ಇವತ್ತಿನ ಸಮಾನತೆಯ ನೆಲದ ಮೇಲೆ ಮತ್ತೆ ಕಟ್ಟಬಹುದು. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎನ್ನುತ್ತೇವೆ. ಪ್ರತಿ ಕೆರೆಗೂ, ಅಥವಾ ಒಂದು ಸರಣಿಯ ನಾಲ್ಕೈದು ಕೆರೆಗಳಿಗೆ, ಯಾವ ಜಾತಿಯಿಂದಲಾದರೂ, ಗಂಡಸಾಗಲಿ ಹೆಂಗಸಾಗಲಿ, ತರಬೇತಿ ಪಡೆದ ಒಬ್ಬರನ್ನು ಗ್ರಾಮ ಪಂಚಾಯಿತಿ ಯೋಗ್ಯ ಸಂಬಳ ಕೊಟ್ಟು ನೇಮಿಸಬೇಕು. ನೀರುಗಂಟಿ ಎಂಬ ಹೆಸರನ್ನು ಗೌರವದ ಹೆಸರಾಗಿ ಅವರಿಗೆ ಕೊಡಬೇಕು. ಮಳೆಗಾಲ ಮುಗಿದ ಮೇಲೆ ಕೆರೆಯ ಮಟ್ಟವನ್ನೂ ಊರಿನ ಕೊಳವೆಬಾವಿಗಳ ಮಟ್ಟವನ್ನೂ ಅವರು ಗ್ರಾಮಸಭೆಯ ಮುಂದೆ ಇಡಬೇಕು, ಬಿತ್ತನೆಗೆ ಮೊದಲೇ ಸಭೆ ಬೆಳೆ ನಿಶ್ಚಯಿಸಬೇಕು. ಕೆರೆಯ ದೋಷಗಳನ್ನು, ತಪ್ಪಿದ ತೀರ್ಮಾನಗಳನ್ನೂ ಸೇರಿಸಿ, ವರ್ಷವರ್ಷವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ಆಗುವ ಖರ್ಚು ಹೂಳೆತ್ತುವ ಯಂತ್ರಗಳಿಗೆ ಆಗುವ ಖರ್ಚಿಗೆ ಹೋಲಿಸಿದರೆ ಅಲ್ಪ. ಕೆರೆಗೆ ನೀರು ತುಂಬಿಸುವ ಯೋಜನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನೀರಿನ ಬಗ್ಗೆ ತಿಳಿದು ತೀರ್ಮಾನಿಸುವವರನ್ನು ಬೆಳೆಸುವ ಯೋಜನೆ ಒಂದಾದರೂ ಬರಲಿ, ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಕೇಳುವವರು ನೀವಾಗಿ.